ಕರಪತ್ರದ ನೆತ್ತಿಯ ಮೇಲೆ ಜಂಗಮ



ಹೋದ ತಿಂಗಳು ನಮ್ಮೆಲ್ಲರ ಮನೆಗೂ ಕಟ್ಟಡ ನಿಧಿಯ ಕರಪತ್ರ ಬಂದಿದೆ. ಅಂದವಾಗಿಯೇ ಇದೆ. ನಡುವೆ ಮುಂದೆ ಕಟ್ಟಬೇಕೆಂದಿರುವ ಭವನದ ಚಿತ್ರ, ಕೆಳಗೆ ದಾನಿಗಳಿಗೊಂದು ಪಟ್ಟಿ: ಕಂಬಕ್ಕೆ ಇಷ್ಟು ಡಾಲರು, ಬಾಗಿಲಿಗೆ ಇಷ್ಟು, ವೇದಿಕೆಗೆ ಇಷ್ಟು. ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬಸವಣ್ಣನವರ ಒಂದು ವಚನ. ಯಾವುದು ಎನ್ನುತ್ತೀರಿ? ಹಣವಿದ್ದವರು ಶಿವನಿಗೆ ಗುಡಿ ಕಟ್ಟಿಸಬಲ್ಲರು, ಬಡವನಾದ ನನ್ನಿಂದ ಏನಾದೀತು ಎಂದು ಕೇಳಿಕೊಂಡು, ತನ್ನ ಮೈಯನ್ನೇ ಗುಡಿಯಾಗಿ ಒಪ್ಪಿಸುವ ವಚನ. ನಿಂತದ್ದು ಅಳಿಯುತ್ತದೆ, ನಡೆಯುವುದು ಉಳಿಯುತ್ತದೆ ಎಂದು ಮುಗಿಯುವ ಅದೇ ವಚನ! ನಮ್ಮ ಕನ್ನಡ ತರಗತಿಯ ಮಕ್ಕಳಿಗೂ ಬಾಯಿಪಾಠವಾಗಿರುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಕಟ್ಟಡಕ್ಕೆ ದುಡ್ಡು ಕೇಳುವುದಕ್ಕೆ, ಕಟ್ಟಡ ನಿಲ್ಲುವುದಿಲ್ಲ ಎನ್ನುವ ವಚನ. ನನಗೆ ನಗು ಬಂತು. ಫೋನು ಮಾಡಿ ಕೇಳಿದರೆ ಸಮಿತಿಯ ಗೆಳೆಯರೊಬ್ಬರು ಗಂಭೀರವಾಗಿಯೇ ಉತ್ತರ ಕೊಟ್ಟರು: "ನಾವೆಲ್ಲ ಊರು ಬಿಟ್ಟು ಬಂದವರಲ್ಲವೇನ್ರೀ? ನಾವೇ ಜಂಗಮರು. ಅದಕ್ಕೇ ಆ ವಚನ ಹಾಕಿದ್ದು."

ಈ ಮಾತು ಅವರೊಬ್ಬರದಲ್ಲ. ಬಸವ ಜಯಂತಿಯಲ್ಲಿ, ರಾಜ್ಯೋತ್ಸವದಲ್ಲಿ, ಇಂಡಿಯಾದಿಂದ ಬಂದ ಅತಿಥಿಗಳ ಭಾಷಣದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಒಮ್ಮೆ ನಾನೇ ವೇದಿಕೆಯ ಮೇಲೆ ಈ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆ ಚಪ್ಪಾಳೆಯ ಸಾಲ ತೀರಿಸಲು ಈ ಲೇಖನವೆಂದು ತಿಳಿಯಿರಿ. ಜಂಗಮ ಎಂಬ ಪದ ನಿಜವಾಗಿ ನಮಗೆ ಸಲ್ಲುತ್ತದೆಯೇ? ಸಲ್ಲದಿದ್ದರೆ, ಊರಿಂದೂರಿಗೆ ಹೋಗುವವರಿಗೆಂದು ಕನ್ನಡದಲ್ಲಿ ಇರುವ ಪದಗಳಲ್ಲಿ ನಮ್ಮದು ಯಾವುದು?

ಮೊದಲು ಪದದ ವಿಚಾರ. ಸ್ಥಾವರ ಎಂದರೆ ನಿಂತಲ್ಲಿಂದ ಕದಲದ್ದು; ಜಂಗಮ ಎಂದರೆ ಮತ್ತೆ ಮತ್ತೆ ಹೋಗುತ್ತಲೇ ಇರುವಂಥದ್ದು. ಇವೇನೂ ಮಠದಲ್ಲಿ ಹುಟ್ಟಿದ ಪದಗಳಲ್ಲ. ಆಯುರ್ವೇದದವರು ವಿಷವನ್ನು ಹೀಗೆಯೇ ಎರಡು ಮಾಡುತ್ತಾರೆ: ಗಿಡಮೂಲಿಕೆ, ಖನಿಜಗಳಿಂದ ಬರುವುದು ಸ್ಥಾವರ ವಿಷ, ಹಾವು ಚೇಳುಗಳದು ಜಂಗಮ ವಿಷ. ಆಸ್ತಿಯ ಕಾಗದಗಳಲ್ಲಿಯೂ ಇದೇ ಜೋಡಿ, ಬೇರೆ ವೇಷದಲ್ಲಿ: ಹೊಲಮನೆಗಳು ಸ್ಥಿರಾಸ್ತಿ, ಒಡವೆ, ದನಕರು, ಪಾತ್ರೆಪಡಗ ಚರಾಸ್ತಿ. ಅಣ್ಣತಮ್ಮಂದಿರ ಪಾಲುಪಟ್ಟಿ ಓದಿದವರಿಗೆಲ್ಲ ಗೊತ್ತು, ಜಗಳ ನಡೆಯುವುದು ಸ್ಥಿರಾಸ್ತಿಗೆ. ಚರಾಸ್ತಿ ಮೊದಲೇ ಯಾರೋ ಎತ್ತಿಕೊಂಡು ಹೋಗಿರುತ್ತಾರೆ!

ಕನ್ನಡ ತರಗತಿಯಲ್ಲಿ ಒಂದು ಹುಡುಗಿ ನನ್ನನ್ನು ಕೇಳಿದಳು, "ಅಂಕಲ್, ಜಂಗಮ ಅಂದ್ರೆ ಸೆಲ್ ಫೋನ್ ತಾನೇ? ಇಂಡಿಯಾದಿಂದ ಬಂದ ಮದುವೆ ಕಾರ್ಡಲ್ಲಿ ಜಂಗಮವಾಣಿ ಅಂತ ನಂಬರ್ ಇತ್ತು." ಮೊಬೈಲಿಗೆ ಸಂಚಾರಿ ದೂರವಾಣಿ, ಚರವಾಣಿ, ಜಂಗಮವಾಣಿ ಎಂದೆಲ್ಲ ಹೆಸರಿಟ್ಟು ನೋಡಿದ್ದಾರೆ. ಮಾತಾಡುವಾಗ ಎಲ್ಲರೂ ಮೊಬೈಲು ಎನ್ನುತ್ತಾರೆ. ಲಗ್ನಪತ್ರಿಕೆಯಲ್ಲಿ ಜಂಗಮವಾಣಿ ಉಳಿದುಕೊಂಡಿದೆ. ಹುಡುಗಿಯ ಉತ್ತರ ಪೂರ್ತಿ ತಪ್ಪೆಂದು ನನಗೆ ಅನಿಸಲಿಲ್ಲ. ಗೋಡೆಗೆ ತಂತಿಯಿಂದ ಕಟ್ಟಿದ್ದ ಫೋನಿನ ಹತ್ತಿರ ನಾವು ಓಡಿ ಹೋಗಬೇಕಿತ್ತು. ಈಗ ಅದು ನಮ್ಮ ಜೊತೆ ಬರುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದೇವರ ವಿಷಯದಲ್ಲಿ ತಂದ ಬದಲಾವಣೆಯೂ ಇದೇ ಬಗೆಯದು. ಗುಡಿಯಲ್ಲಿ ನೆಟ್ಟ ಲಿಂಗ ಸ್ಥಾವರಲಿಂಗ. ಅದರ ಬಾಗಿಲಿಗೆ ಪೂಜಾರಿಯುಂಟು, ಒಳಗೆ ಬಿಡದ ಜಾತಿಗಳುಂಟು. ಮೈಮೇಲೆ ಧರಿಸುವ ಇಷ್ಟಲಿಂಗಕ್ಕೆ ಬಾಗಿಲೇ ಇಲ್ಲ. ಎತ್ತಿಕೊಂಡು ನಡೆಯಬಹುದಾದ ದೇವರನ್ನು ಯಾರೂ ಯಾರಿಂದಲೂ ಮುಚ್ಚಿಡಲಾರರು. ಚಲಿಸುವುದಕ್ಕೆ ವಚನಕಾರರು ಅಷ್ಟೊಂದು ಬೆಲೆ ಕೊಟ್ಟದ್ದು ಪ್ರವಾಸದ ಸುಖಕ್ಕಾಗಿ ಅಲ್ಲ, ಈ ಬಾಗಿಲಿನ ಕಾರಣಕ್ಕೆ.

ಕರಪತ್ರದ ವಚನವನ್ನು ಹೊರಗಿನವರಿಗೆ ಮುಟ್ಟಿಸಿದವರು ನಮ್ಮವರೇ ಆದ ಎ. ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿ, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 1993ರಲ್ಲಿ ಷಿಕಾಗೋದಲ್ಲಿಯೇ ತೀರಿಕೊಂಡವರು. 1973ರಲ್ಲಿ ಬಂದ ಅವರ 'ಸ್ಪೀಕಿಂಗ್ ಆಫ್ ಶಿವ' ನಮ್ಮಲ್ಲಿ ಹಲವರ ಮನೆಯ ಕಪಾಟಿನಲ್ಲಿದೆ. ಅದರ ಪ್ರಸ್ತಾವನೆಯಲ್ಲಿ ಅವರು ಈ ವಚನವನ್ನೇ ಹಿಡಿದು ಎರಡು ಮಾತು ಹೇಳುತ್ತಾರೆ. ಒಂದು, ಸ್ಥಾವರವೆಂಬ ಪದವೂ ನಿಲ್ಲುವುದು, ಆಸ್ತಿ, ಅಂತಸ್ತುಗಳಿಗೆ ಇಂಗ್ಲಿಷಿನಲ್ಲಿರುವ ಪದಗಳೂ ಒಂದೇ ಬೇರಿನವು. ಇನ್ನೊಂದು, ವಚನದ ನಿಜವಾದ ಜಗಳ ಮಾಡುವುದಕ್ಕೂ ಆಗುವುದಕ್ಕೂ ನಡುವಿನದು. ಉಳ್ಳವನು ಗುಡಿಯನ್ನು ಮಾಡಬಲ್ಲ, ತಾನೇ ಗುಡಿ ಆಗಲಾರ.

ಇಷ್ಟು ಚೆನ್ನಾಗಿ ವಿವರಿಸಿದವರ ಅನುವಾದದಲ್ಲೂ ಒಂದು ಸಂಗತಿ ಜಾರಿಹೋಗುತ್ತದೆ ಎಂಬುದು ನನ್ನ ತಕರಾರು. ಕೊನೆಯ ಸಾಲಿನಲ್ಲಿ ಅವರು ನಿಂತದ್ದು, ಚಲಿಸುವುದು ಎಂಬ ಅರ್ಥದ ಎರಡು ಸಾದಾ ಇಂಗ್ಲಿಷ್ ಪದಗಳನ್ನು ಇಟ್ಟಿದ್ದಾರೆ. ಓದಿದರೆ ಕಲ್ಲು ಮತ್ತು ನದಿ ಕಣ್ಣಿಗೆ ಬರುತ್ತವೆ. ಕನ್ನಡದಲ್ಲಿ ಜಂಗಮ ಎಂದರೆ ಕಣ್ಣಿಗೆ ಬರುವುದು ನದಿಯಲ್ಲ, ಒಬ್ಬ ಮನುಷ್ಯ. ಜೋಳಿಗೆ ಹಾಕಿಕೊಂಡು, ಬಿಸಿಲಲ್ಲಿ ನಡೆದು ಬಂದು, ಬಾಗಿಲಲ್ಲಿ ನಿಂತು ಕೂಗುವವನು. ಗುರು, ಲಿಂಗ, ಜಂಗಮ ಎಂದು ಅಷ್ಟಾವರಣದಲ್ಲಿ ಮೂರನೆಯವನಾಗಿ ಲೆಕ್ಕಕ್ಕೆ ಸೇರಿದವನು. ರಾಮಾನುಜನ್ ಇದನ್ನೂ ಪ್ರಸ್ತಾವನೆಯಲ್ಲಿ ಹೇಳಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಪದ್ಯ ಓದುವವನಿಗೆ ಸಿಗುವುದು ಚಲನೆ. ವಚನ ಕೇಳುವವನಿಗೆ ಸಿಗುವುದು ಬಾಗಿಲಿಗೆ ಬಂದ ಅತಿಥಿ. ನಾವು ಇಲ್ಲಿಯ ಕನ್ನಡಿಗರು ಕನ್ನಡದಲ್ಲಿಯೇ ವಚನ ಹೇಳುತ್ತಿದ್ದರೂ, ಅರ್ಥವನ್ನು ಮಾತ್ರ ಇಂಗ್ಲಿಷಿನಿಂದ ತೆಗೆದುಕೊಂಡಿದ್ದೇವೋ ಏನೋ. ವಿಮಾನ ಹತ್ತಿ ಚಲಿಸಿದೆವು, ಆದ್ದರಿಂದ ಜಂಗಮರು!

ಬಸವಣ್ಣನವರ ಇನ್ನೊಂದು ವಚನ ನೆನಪು ಮಾಡಿಕೊಳ್ಳಿ. ಕಲ್ಲಿನ ನಾಗರ ಕಂಡರೆ ಹಾಲು ಸುರಿಯುವ ಜನ ದಿಟದ ಹಾವು ಬಂದರೆ ಕೋಲು ಹುಡುಕುತ್ತಾರೆ. ಹಾಗೆಯೇ, ಹಸಿದು ಬಂದ ಜಂಗಮನನ್ನು ಮುಂದಕ್ಕೆ ಕಳಿಸಿ, ಹಸಿವೆಯಿಲ್ಲದ ಲಿಂಗದ ಮುಂದೆ ಎಡೆ ಇಡುತ್ತಾರೆ ಎಂಬುದು ಅದರ ಸಾರ. ಇಲ್ಲಿ ಜಂಗಮನ ಗುರುತು ನಡೆಯುವುದಲ್ಲ, ಉಣ್ಣುವುದು. ಅವನಿಗೆ ಹೊಟ್ಟೆಯಿದೆ, ಅದಕ್ಕೇ ಅವನು ಜೀವಂತ. ಎರಡೂ ವಚನಗಳನ್ನು ಪಕ್ಕದಲ್ಲಿಟ್ಟು ಓದಿದರೆ ಜಂಗಮ ಎಂಬ ಪದಕ್ಕೆ ಎರಡು ಷರತ್ತು ಕಾಣುತ್ತವೆ. ಅವನು ಒಂದು ಸಲ ಹೋಗಿ ಕೂತವನಲ್ಲ, ಹೋಗುತ್ತಲೇ ಇರುವವನು. ಮತ್ತು ಅವನು ಇನ್ನೊಬ್ಬರ ಬಾಗಿಲಿನ ಮುಂದೆ ಹಸಿದು ನಿಲ್ಲುವವನು.

ಈಗ ನಮ್ಮನ್ನು ನೋಡಿಕೊಳ್ಳೋಣ. ನಾವು ಒಂದು ಸಲ ಬಂದೆವು, ಕೂತೆವು. ಮೂವತ್ತು ವರ್ಷದ ಕಂತು ಕಟ್ಟಿಕೊಂಡು ಮನೆ ಕೊಂಡೆವು. ನಮ್ಮ ಜೋಳಿಗೆ ಎರಡು ಕಾರಿನ ಗರಾಜು ತುಂಬಿ ಹೊರಗೆ ಚೆಲ್ಲುತ್ತಿದೆ. ಜಂಗಮ ಎಂದು ಕರೆದುಕೊಳ್ಳಲು ಸ್ವಲ್ಪ ಸಂಕೋಚವಾಗಬೇಡವೇ?

ಪದಗಳೇ ಹೀಗೆ ಕೂತುಬಿಡುತ್ತವೆ ಎಂದು ಯಾರಾದರೂ ಸಮಾಧಾನ ಹೇಳಬಹುದು. ನಿಜವೇ. ಜಂಗಮ ಎಂಬುದೇ ಕಾಲಾಂತರದಲ್ಲಿ ಒಂದು ಜಾತಿಯ ಹೆಸರಾಯಿತು; ನಡೆದವನಿಗಲ್ಲ, ಆ ಮನೆಯಲ್ಲಿ ಹುಟ್ಟಿದವನಿಗೆ ಸಲ್ಲುವ ಪದವಾಯಿತು. ನಮ್ಮ ಉತ್ತರ ಕರ್ನಾಟಕದಲ್ಲಿ ಚರಂತಿಮಠ ಎಂಬ ಅಡ್ಡಹೆಸರುಂಟು. ಚರಂತಿ ಎಂದರೆ ಸಂಚರಿಸುವ ಸ್ವಾಮಿ, ಅವನಿಗೊಂದು ಮಠ! ಇಲ್ಲಿ ಅಮೆರಿಕದಲ್ಲಿಯೂ ಅದೇ ಕಥೆ. ಹೈವೇ ಪಕ್ಕದ ಮೊಬೈಲ್ ಹೋಮುಗಳನ್ನು ನೋಡಿದ್ದೀರಲ್ಲ? ಸರ್ಕಾರಿ ಕಾಗದದಲ್ಲಿ ಅವಕ್ಕೆ ಮ್ಯಾನುಫ್ಯಾಕ್ಚರ್ಡ್ ಹೋಮ್ ಎಂದು ಹೆಸರು ಬದಲಾದರೂ ಜನ ಮೊಬೈಲ್ ಎನ್ನುವುದನ್ನು ಬಿಟ್ಟಿಲ್ಲ. ಹೆಚ್ಚಿನವು ಒಮ್ಮೆ ಇಳಿಸಿದ ಜಾಗ ಬಿಟ್ಟು ಕದಲುವುದೇ ಇಲ್ಲ. ಆದರೆ ಪದ ಸವೆದಿದೆ ಎಂಬ ಕಾರಣಕ್ಕೆ ನಾವೂ ಒಂದಿಷ್ಟು ಸವೆಸೋಣ ಎನ್ನುವುದು ನ್ಯಾಯವಲ್ಲ.

ಹಾಗಾದರೆ ಬೇರೆ ಪದ ಯಾವುದು? ಇಲ್ಲೇ ನಮ್ಮ ತೊಡಕಿರುವುದು. ಊರು ಬಿಟ್ಟವರಿಗೆ ಕನ್ನಡದಲ್ಲಿರುವ ದಿನಬಳಕೆಯ ಪದಗಳಲ್ಲಿ ಗೌರವದವು ಬಹಳ ಕಡಿಮೆ. 1986ರಲ್ಲಿ ನಾನು ಹೊರಟಾಗ ನಮ್ಮವ್ವ ಹೇಳಿದ್ದು ಒಂದೇ ಮಾತು: "ಪರದೇಶಕ್ಕ ಹೊಂಟೀಯಪಾ, ಪರದೇಶಿ ಆಗಬ್ಯಾಡ." ನಮ್ಮ ಕಡೆ ಪರದೇಶಿ ಎಂದರೆ ಬೇರೆ ದೇಶದವನು ಅಷ್ಟೇ ಅಲ್ಲ, ದಿಕ್ಕಿಲ್ಲದವನು, ತಬ್ಬಲಿ. ಅಲೆಮಾರಿ ಎಂಬುದನ್ನು ಹುಡುಗರನ್ನು ಬೈಯುವುದಕ್ಕೆ ಬಳಸುತ್ತೇವೆ. ರಾಯಚೂರು, ಕೊಪ್ಪಳ, ಕಲಬುರಗಿ ಕಡೆಯಿಂದ ಮಳೆಯಿಲ್ಲದ ವರ್ಷ ಗಂಟುಮೂಟೆ ಕಟ್ಟಿ ಬೆಂಗಳೂರಿಗೋ ಗೋವೆಗೋ ಮುಂಬಯಿಗೋ ದುಡಿಯಲು ಹೋಗುವುದಕ್ಕೆ ಗುಳೆ ಎಂದು ಹೆಸರು. ಆ ಪದದಲ್ಲಿಯೇ ಬೀಗ ಹಾಕಿದ ಮನೆ ಕಾಣುತ್ತದೆ.

ನಮಗೆ ಮಾತ್ರ ಸರ್ಕಾರ ಬೇರೆ ಪದ ಕೊಟ್ಟಿತು: ಅನಿವಾಸಿ. ಇದು ಕವಿ ಕಟ್ಟಿದ ಪದವಲ್ಲ, ಲೆಕ್ಕಿಗರದು. ವರ್ಷದಲ್ಲಿ ಎಷ್ಟು ದಿನ ಭಾರತದಲ್ಲಿದ್ದೆ ಎಂದು 1961ರ ಆದಾಯ ತೆರಿಗೆ ಕಾಯ್ದೆ ಹಾಕಿಕೊಟ್ಟ 182 ದಿನಗಳ ಎಣಿಕೆಯ ಜೊತೆಗೆ ಬಂದದ್ದು. ವಾಸ ಇಲ್ಲದವನು ಎಂದು ಅದರ ಅರ್ಥ. ಎಲ್ಲಿ ಇದ್ದೇನೆಂದು ಅದು ಹೇಳುವುದಿಲ್ಲ, ಎಲ್ಲಿ ಇಲ್ಲವೆಂದು ಮಾತ್ರ ಹೇಳುತ್ತದೆ. ಈ ದೇಶದ ಕಾನೂನು ಗ್ರೀನ್ ಕಾರ್ಡಿನವರನ್ನು ರೆಸಿಡೆಂಟ್ ಏಲಿಯನ್ ಎನ್ನುತ್ತದೆ. ಅಲ್ಲಿ ನಮ್ಮವನು, ಆದರೆ ವಾಸವಿಲ್ಲ. ಇಲ್ಲಿ ವಾಸವಿದೆ, ಆದರೆ ನಮ್ಮವನಲ್ಲ. ಎರಡು ಕಾಗದವನ್ನೂ ಒಂದೇ ಡ್ರಾಯರಿನಲ್ಲಿ ಇಟ್ಟುಕೊಂಡು ನಾವು ಹಾಯಾಗಿ ನಿದ್ದೆ ಮಾಡುತ್ತೇವೆ.

ಈ ಪದಗಳೆಲ್ಲ ಬರೀ ಪದಗಳಲ್ಲ ಎಂದು ನನಗೆ ತಿಳಿದದ್ದು 2020ರಲ್ಲಿ. ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಬೀಗ ಬಿತ್ತು. ಕೆಲಸ ಹೋದವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೆದ್ದಾರಿಗಳಲ್ಲಿ ನಡೆದರು. ಪತ್ರಿಕೆಗಳು ಅವರನ್ನು ವಲಸೆ ಕಾರ್ಮಿಕರು ಎಂದವು. ಮೇ ತಿಂಗಳ ಮೊದಲ ವಾರ ಕರ್ನಾಟಕ ಸರ್ಕಾರ, ಹೊರರಾಜ್ಯಗಳ ಕಾರ್ಮಿಕರನ್ನು ಊರಿಗೆ ಮುಟ್ಟಿಸುವ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು. ಕಟ್ಟಡ ಕೆಲಸಕ್ಕೆ ಆಳು ಬೇಕಿತ್ತು. ಎಲ್ಲ ಕಡೆಯಿಂದ ಛೀಮಾರಿ ಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅದೇ ವಾರ, ಮೇ 7ರಿಂದ, ಹೊರದೇಶದಲ್ಲಿ ಸಿಕ್ಕಿಬಿದ್ದ ನಮ್ಮಂಥವರನ್ನು ಕರೆತರಲು ವಂದೇ ಭಾರತ್ ವಿಮಾನಗಳು ಹಾರಿದವು. ಗುಳೆ ಹೋದವನೂ ಅನಿವಾಸಿಯೂ ಮಾಡಿದ್ದು ಒಂದೇ ಕೆಲಸ: ಹೊಟ್ಟೆಪಾಡಿಗೆ ಊರು ಬಿಟ್ಟದ್ದು. ಪದ ಬೇರೆಯಾದ್ದರಿಂದ ಒಬ್ಬನಿಗೆ ರಸ್ತೆ, ಇನ್ನೊಬ್ಬನಿಗೆ ಆಕಾಶ.

ಇನ್ನೊಂದು ಪದ ಹೇಳದೆ ಮುಂದೆ ಹೋಗಲಾರೆ. ಊರಿಗೆ ಹೋದಾಗಲೆಲ್ಲ ಹಿರಿಯರು ಕೇಳುತ್ತಾರೆ, "ಮಗ ಸೆಟಲ್ ಆದನೇ?" ನಾವೂ ಹೆಮ್ಮೆಯಿಂದ ಹೌದೆನ್ನುತ್ತೇವೆ. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂದು ಒಂದು ಜಾಗವಿದೆ. 1871ರಲ್ಲಿ ಬ್ರಿಟಿಷರು ತಂದ ಕಾನೂನೊಂದು ತಿರುಗಾಡಿ ಬದುಕುವ ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳ ಪಟ್ಟಿಗೆ ಸೇರಿಸಿತು. ಮುಂದೆ ಅದು ಮುಂಬಯಿ ಪ್ರಾಂತಕ್ಕೂ ಬಂದಾಗ ಅಂಥವರನ್ನು ಹಿಡಿದು ತಂದು ಕೂಡಿಹಾಕಿದ ಜಾಗ ಅದು. 1952ರಲ್ಲಿ ಆ ಕಾನೂನು ರದ್ದಾಯಿತು, ಜಾಗದ ಹೆಸರು ಉಳಿಯಿತು. ನಾವು ಆಸೆಪಟ್ಟು ಸೆಟಲ್ ಆದೆವು. ಅವರನ್ನು ಬಲವಂತವಾಗಿ ಸೆಟಲ್ ಮಾಡಿದರು. ವಚನ ಹಾಡಿ ಜಂಗಮನಿಗೆ ಕೈಮುಗಿಯುವ ನಮ್ಮ ನಾಡಿನಲ್ಲಿಯೇ, ನಿಜವಾಗಿ ನಡೆಯುತ್ತಿದ್ದವರಿಗೆ ಸಿಕ್ಕಿದ್ದು ಬೇಲಿ.

ಅಂಥ ನಡೆಯುವವರಲ್ಲಿ ಹೆಳವರೂ ಒಬ್ಬರು. ಎತ್ತಿನ ಮೇಲೆ ಕೂತು ಊರೂರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಹಿಂದಿನ ತಲೆಮಾರುಗಳ ಹೆಸರನ್ನು ಹೇಳಿ ಕಾಳುಕಡಿ ಪಡೆದು ಹೋಗುವವರು. ಚಿಕ್ಕವನಿದ್ದಾಗ ನಮ್ಮಜ್ಜನ ಅಜ್ಜನ ಹೆಸರನ್ನು ನಾನು ಮೊದಲು ಕೇಳಿದ್ದು ಹೆಳವನ ಬಾಯಲ್ಲಿ. ಯೋಚಿಸಿ ನೋಡಿ: ಅದೇ ಮನೆಯಲ್ಲಿ ನಾಲ್ಕು ತಲೆಮಾರು ಕೂತವರಿಗೆ ತಮ್ಮ ಹಿರಿಯರ ಹೆಸರು ಮರೆತಿತ್ತು, ಮನೆಯಿಲ್ಲದವನ ಬಳಿ ಅದು ಉಳಿದಿತ್ತು. ನಡೆಯುವುದು ಉಳಿಯುತ್ತದೆ ಎಂಬ ಮಾತಿಗೆ ನನಗೆ ಗೊತ್ತಿರುವ ಭಾಷ್ಯ ಇದು. ಜಂಗಮ ಬರಿಗೈಯಲ್ಲಿ ನಡೆಯುವುದಿಲ್ಲ. ಬಾಗಿಲಿನಿಂದ ಬಾಗಿಲಿಗೆ ಏನನ್ನೋ ಹೊತ್ತು ಮುಟ್ಟಿಸುತ್ತಾನೆ.

ಹಾಗೆಂದು ಭವನವೇ ಬೇಡ ಎಂದು ನಾನು ಹೇಳುತ್ತಿಲ್ಲ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ. ಶೂನ್ಯಸಂಪಾದನೆಯ ಕಥೆಯಲ್ಲಿ ತಿರುಗಾಡುತ್ತ ಅಲ್ಲಿಗೆ ಬಂದ ಅಲ್ಲಮಪ್ರಭು, ಕಲ್ಲುಮಣ್ಣಿನಲ್ಲಿ ಮುಳುಗಿದವನೆಂದು ಅವನನ್ನು ಕೆಣಕುತ್ತಾನೆ. ಕೊನೆಗೆ ಕಲ್ಯಾಣಕ್ಕೆ ಕರೆದುಕೊಂಡು ಹೋಗುತ್ತಾನೆ. ವಾದದಲ್ಲಿ ಗೆದ್ದವನು ಅಲ್ಲಮ. ಆದರೆ ಇಂದು ಸೊಲ್ಲಾಪುರಕ್ಕೆ ಹೋದರೆ ಸಿದ್ಧರಾಮನ ಹೆಸರಿನ ಗುಡಿಯ ಸುತ್ತ ಆ ಕೆರೆ ಕಾಣುತ್ತದೆ. ಗುಡಿಗೆ ಬಾಗಿಲುಂಟು, ಕೆರೆಗೆ ಯಾವ ಕಡೆಯಿಂದಲೂ ಇಳಿಯಬಹುದು. ಕಟ್ಟುವುದಾದರೆ ಕೆರೆಯಂಥದ್ದು ಕಟ್ಟೋಣ ಎಂದಷ್ಟೇ ನನ್ನ ಅರಿಕೆ. ನಿಂತಲ್ಲೇ ನಿಲ್ಲುವ ಮೂಲಮೂರ್ತಿ ಇರುವ ಗುಡಿಗಳಲ್ಲೂ, ಒಳಗೆ ಬರಲಾರದವರಿಗೆಂದು ಬೀದಿಗೆ ಹೊರಡುವ ಉತ್ಸವಮೂರ್ತಿ ಒಂದಿರುತ್ತದೆ.

ಇನ್ನು ನಮ್ಮ ಕೂಟಕ್ಕೆ ಬರೋಣ. ಹೋದ ದೀಪಾವಳಿಯ ದಿನ ನಾನು ಟಿಕೆಟ್ ಮೇಜಿನ ಬಳಿ ಕೂತಿದ್ದೆ. ಆಗಷ್ಟೇ ಓದಲು ಬಂದಿದ್ದ ಇಬ್ಬರು ಹುಡುಗರು, ಬಸ್ಸಿನಲ್ಲಿ ಬಂದು, ಕೊನೆಯ ಒಂದು ಮೈಲಿ ಚಳಿಯಲ್ಲಿ ನಡೆದು ಬಾಗಿಲಿಗೆ ಬಂದರು. ಸದಸ್ಯರಲ್ಲದವರಿಗೆ 25 ಡಾಲರು ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಇರಲಿ ಬಿಡಿ ಅಂಕಲ್, ಪ್ರೋಗ್ರಾಂ ನೋಡಿ ಹೋಗುತ್ತೇವೆ, ಊಟ ಬೇಡ" ಎಂದರು. ನಿಯಮ ನಿಯಮವೇ ಎಂದು ಸುಮ್ಮನಾದೆ. ಒಳಗೆ ಅದೇ ಹೊತ್ತಿಗೆ ಮಕ್ಕಳು ವಚನ ಹಾಡುತ್ತಿದ್ದರು. ಆ ಸಂಜೆ ನಮ್ಮ ಸಭೆಗೆ ಬಂದಿದ್ದ ಜಂಗಮರು ಆ ಇಬ್ಬರೇ. ಅವರನ್ನು ಮುಂದಕ್ಕೆ ಕಳಿಸಿದವನು ನಾನು. ಕರಪತ್ರ ಕೈಗೆ ಬಂದಾಗ ಮೊದಲು ನಗು ಬಂತೆಂದೆನಲ್ಲ, ಆಮೇಲೆ ನೆನಪಾದದ್ದು ಇದು.

ಆದ್ದರಿಂದ ಸಮಿತಿಯವರಲ್ಲಿ ಮೂರು ವಿನಂತಿ. ಕರಪತ್ರದ ಮುಂದಿನ ಪ್ರತಿಯಿಂದ ಆ ವಚನವನ್ನು ತೆಗೆಯಿರಿ. ದುಡ್ಡನ್ನು ದುಡ್ಡಿನ ಮಾತಿನಲ್ಲಿಯೇ ಕೇಳೋಣ, ನಾನೂ ಕೊಡುತ್ತೇನೆ. ಹೊಸದಾಗಿ ಈ ಊರಿಗೆ ಬಂದವರಿಗೆ ಮೊದಲ ವರ್ಷ ಹಬ್ಬದ ಊಟಕ್ಕೆ ಟಿಕೆಟ್ ಬೇಡ. ಖರ್ಚು ಕಂಬದ ಲೆಕ್ಕದಲ್ಲಿ ಹಾಕಿಕೊಳ್ಳಿ. ಭವನ ಎದ್ದ ಮೇಲೂ ನಮ್ಮ ಪುಸ್ತಕದ ಟ್ರಂಕನ್ನು ಅಲ್ಲಿಯ ಕಪಾಟಿನೊಳಗಿಟ್ಟು ಬೀಗ ಹಾಕಬೇಡಿ. ಇಷ್ಟು ವರ್ಷ ಆ ಟ್ರಂಕು ಕಾರಿನ ಡಿಕ್ಕಿಯಲ್ಲಿ ಮನೆಯಿಂದ ಮನೆಗೆ ಹೋಗಿದೆ. ಹೋದಲ್ಲೆಲ್ಲ ಎರಡು ಪುಸ್ತಕ ಕಳೆದುಕೊಂಡು ಮೂರು ಪಡೆದಿದೆ. ನಮ್ಮ ಕೂಟದಲ್ಲಿ ಜಂಗಮ ಎನ್ನಬಹುದಾದದ್ದು ಅದೊಂದೇ.

ನಮಗೋ? ವಲಸಿಗರು ಎಂಬ ಪದ ಸಾಕು. ಹೆದ್ದಾರಿಯಲ್ಲಿ ನಡೆದವರಿಗೂ ನಮಗೂ ಅದೊಂದೇ ಪದ. ಅವರ ಜೊತೆ ಹಂಚಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಟ್ರಂಕು ಈ ತಿಂಗಳು ನಮ್ಮ ಮನೆಯ ಗರಾಜಿನಲ್ಲಿದೆ. ಶನಿವಾರ ಮಧ್ಯಾಹ್ನದ ಮೇಲೆ ಯಾರು ಬಂದರೂ ಬಾಗಿಲು ತೆಗೆದಿರುತ್ತದೆ, ಚಹಾ ಇರುತ್ತದೆ. ಸದಸ್ಯರಲ್ಲದವರಿಗೂ!